ಸಿದ್ದಾಪುರದ ಲೈನು ಹುಡುಕುತ್ತ ಔಲುವಿಗೆ

ಹೆಲ್ಸಿಂಕಿ ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆ ಬಿಚ್ಚಿಸಿದ ಕಸ್ಟಮ್ಸ್ ಅಧಿಕಾರಿಗೆ ಮೊದಲು ಸಿಕ್ಕಿದ್ದು ಉಣ್ಣೆಯ ಶಾಲು, ಆಮೇಲೆ ಅವಲಕ್ಕಿಯ ಪೊಟ್ಟಣ, ಅದರ ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿ ಸುತಳಿಯಿಂದ ಬಿಗಿದು ಕಟ್ಟಿದ ಐದು ದಪ್ಪ ರಿಜಿಸ್ಟರುಗಳು. ಅವನು ಗಂಟು ಬಿಚ್ಚಲು ಹೋಗಿ ಸೋತ. ನಾನೇ ಬಿಚ್ಚಿಕೊಟ್ಟೆ. ಒಂದು ಪುಟ ತಿರುವಿದ, ಇನ್ನೊಂದು ತಿರುವಿದ. ಕನ್ನಡದ ಕೈಬರಹ, ನಡುನಡುವೆ ಎಣ್ಣೆಯ ಬೆರಳಚ್ಚು.

"ಇವೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಫೋನಿನ ಲೈನು ಕೆಟ್ಟಾಗಲೆಲ್ಲ ಬರೆದಿಡುವ ಫಾಲ್ಟ್ ರಿಜಿಸ್ಟರ್ ಎಂಬುದನ್ನು ಹೇಗೆ ವಿವರಿಸುವುದೆಂದು ತಿಳಿಯದೆ, "ನಮ್ಮ ದೋಷಗಳು" ಎಂದುಬಿಟ್ಟೆ.

"ಎಷ್ಟು ವರ್ಷದವು?"

"ಆರು ವರ್ಷದವು."

ಮುಖದ ಒಂದು ಗೆರೆಯೂ ಅಲುಗದಂತೆ ಅವನು ಪುಸ್ತಕ ಮುಚ್ಚಿದ. "ಅದಕ್ಕೆ ಇಲ್ಲಿ ಸುಂಕವಿಲ್ಲ" ಎಂದು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದ. ಅದು ತಮಾಷೆ ಎಂದು ನನಗೆ ಹೊಳೆದದ್ದು ಬಾಗಿಲು ದಾಟಿ ಹೊರಗೆ ಬಂದ ಮೇಲೆ. ಹೊರಗೆ ಬಂದ ಮರುಕ್ಷಣವೇ ನಾನು ಬಿದ್ದೆ ಕೂಡ. ಶಿರಸಿಯ ಅಂಗಡಿಯಲ್ಲಿ "ಎಂಥ ಚಳಿಗೂ ಸಾಕು" ಎಂದು ಕೊಟ್ಟ ಕ್ಯಾನ್ವಾಸ್ ಬೂಟು ಹಿಮಗಡ್ಡೆಯ ಮೇಲೆ ಎರಡೇ ಹೆಜ್ಜೆಗೆ ಕೈಕೊಟ್ಟಿತು. ದಾರಿಹೋಕ ಮುದುಕಿಯೊಬ್ಬಳು ಒಂದು ಮಾತೂ ಆಡದೆ ನನ್ನನ್ನು ಎಬ್ಬಿಸಿ, ತನ್ನ ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದು, ನನ್ನ ಬೂಟಿನ ಮೇಲೆಯೇ ಎಳೆದು ತೊಡಿಸಿದಳು. ಕಾಲುಚೀಲ ಬೂಟಿನ ಒಳಗಿರಬೇಕಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟೇ ಹೋಗಿದ್ದಳು. ನಡೆದು ನೋಡಿದೆ. ಜಾರಲಿಲ್ಲ.

ಹೊರಡುವ ಮೊದಲು: ಶಿರಸಿ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಶಿರಸಿಯ ದೂರವಾಣಿ ಕಚೇರಿಯಲ್ಲಿ ಎಂಜಿನಿಯರ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಸಣ್ಣ ಎಕ್ಸ್‌ಚೇಂಜುಗಳು ಉಸಿರಾಡುತ್ತಿವೆಯೇ ಎಂದು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹಳ್ಳಿಹಳ್ಳಿಗೆ ಫೋನು ಬಂದಿತ್ತು. ಬಂದ ಮೇಲೆ ಅದು ನಿಲ್ಲುವುದೂ ಶುರುವಾಗಿತ್ತು.

ಯಲ್ಲಾಪುರದ ದೋಷಗಳೆಂದರೆ ನನಗೆ ಒಂದು ಬಗೆಯ ಪ್ರೀತಿ. ಹೆದ್ದಾರಿಯಲ್ಲಿ ಯಾರೋ ಏನಕ್ಕೋ ನೆಲ ಅಗೆಯುತ್ತಾರೆ, ಕೇಬಲ್ಲು ತುಂಡಾಗುತ್ತದೆ. ನಮ್ಮ ಜೀಪಿನ ಚಾಲಕ ಇಸ್ಮಾಯಿಲ್ ಯಲ್ಲಾಪುರದವನೇ ಆದ್ದರಿಂದ ನಾವು ಹೋಗುವ ಮೊದಲೇ ಅವನಿಗೆ ಯಾವ ಹೊಂಡ ಎಂದು ಗೊತ್ತಿರುತ್ತದೆ. ಹೊಂಡಕ್ಕಿಳಿದು ಜೋಡಿಸಿ ಬಂದರೆ ಮುಗಿಯಿತು. ಸಿದ್ದಾಪುರದ ದೋಷ ಹಾಗಲ್ಲ. ಅದು ಕಣ್ಣಿಗೆ ಕಾಣದು.

ಶಿರಸಿಗೂ ಸಿದ್ದಾಪುರಕ್ಕೂ ನಡುವೆ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಒಂದು ಗೋಪುರ, ಗೋಪುರದ ಬುಡದಲ್ಲಿ ಒಂದು ಕೋಣೆ. ಅಲ್ಲಿರುವ ರಿಪೀಟರ್ ಎಂಬ ಯಂತ್ರ ಶಿರಸಿಯಿಂದ ಬಂದ ಸಂಕೇತವನ್ನು ಹಿಡಿದು ಸಿದ್ದಾಪುರಕ್ಕೂ ಸುತ್ತಲಿನ ತ್ಯಾಗಲಿ, ಕೋಲಸಿರ್ಸಿಯಂಥ ಊರುಗಳಿಗೂ ದಾಟಿಸುತ್ತದೆ. ಕೆಲವು ವಾರಕ್ಕೊಮ್ಮೆ, ಹೆಚ್ಚಾಗಿ ಬೆಳಗಿನ ಹತ್ತರ ಸುಮಾರಿಗೆ, ಅದು ಸುಮ್ಮನಾಗಿಬಿಡುತ್ತಿತ್ತು. ಸಿದ್ದಾಪುರದ ಲೈನ್‌ಮನ್ ಮಂಜ ನಾಯ್ಕರು ಗುಡ್ಡ ಹತ್ತಿ, ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡುತ್ತಿದ್ದರು. ಜೀವ ಬರುತ್ತಿತ್ತು. ರೇಡಿಯೋ ಪೆಟ್ಟಿಗೆಯನ್ನು ಎರಡು ಸಲ ಬದಲಾಯಿಸಿದೆವು. ಆಂಟೆನಾದ ಕೇಬಲ್ಲನ್ನೂ ಬದಲಾಯಿಸಿದೆವು. ಹತ್ತು ಗಂಟೆಗೆ ಎಲ್ಲರೂ ಒಟ್ಟಿಗೆ ಫೋನು ಮಾಡುವುದರಿಂದ ಹೀಗಾಗುತ್ತದೆ ಎಂದು ಒಬ್ಬರು, ಮಂಜಿನಿಂದ ಎಂದು ಇನ್ನೊಬ್ಬರು.

ಒಂದು ದಿನ ತ್ಯಾಗಲಿಯ ಸಾವಿತ್ರಕ್ಕ ನಮ್ಮ ಕಚೇರಿಗೆ ಬಂದರು. ಅವರು ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಂಗೀ, ನಮ್ಮನೆಯವ್ಕೆ ಒಂದು ಬದಿ ಕೈಕಾಲು ಬಿದ್ದೋತು. ಆನು ಫೋನು ಎತ್ತಿದೆ, ಸದ್ದೇ ಇಲ್ಲೆ. ಇಟ್ಟೆ, ಮತ್ತೆ ಎತ್ತಿದೆ" ಎಂದರು. ಸೆರಗಿನ ತುದಿ ನೋಡುತ್ತ ಹೇಳಿದರು: "ಫೋನೇ ಇಲ್ದಿದ್ರೆ ಆಗ್ಲೇ ಓಡಿ ಹೋಗಿ ಜೀಪು ತರ್ತಿದ್ದೆ. ಫೋನು ಇದ್ದು ಹೇಳಿ ಅದ್ರ ಎದುರಿಗೇ ಕೂತು ಹೊತ್ತು ಕಳೆದೆ."

ಅವರ ಯಜಮಾನರು ಬದುಕಿಕೊಂಡರು. ಎಡಗೈ ಮಾತ್ರ ತಿರುಗಿ ಬರಲಿಲ್ಲ. ಆ ದಿನ ರಿಜಿಸ್ಟರಿನಲ್ಲಿ ಮಂಜ ನಾಯ್ಕರು ಬರೆದದ್ದು ಇಷ್ಟೇ: "ಹೋದೆ. ಆಫ್-ಆನ್ ಮಾಡಿದೆ. ಸರಿಯಾಯಿತು." ಸರಿಯಾಯಿತು ಎಂಬ ಆ ಶಬ್ದ ನನ್ನನ್ನು ಬಹಳ ದಿನ ಚುಚ್ಚಿತು. ಈ ದೋಷದ ಬುಡ ಕಂಡೇ ತೀರಬೇಕು ಎಂದು ನಿಶ್ಚಯಿಸಿದೆ.

ಅದೇ ವರ್ಷ ನಮ್ಮ ಇಲಾಖೆ ವಿದೇಶದ ಒಂದು ಕಂಪನಿಯಿಂದ ಯಂತ್ರ ತರಿಸಿತ್ತು. ಕೆಲವರಿಗೆ ಆರು ವಾರದ ತರಬೇತಿ ಅಲ್ಲೇ, ಫಿನ್ಲೆಂಡಿನ ಉತ್ತರದ ಔಲು ಎಂಬ ಊರಿನಲ್ಲಿ. ಜನವರಿಯ ಚಳಿಗೆ ಹೆದರಿ ಇಬ್ಬರು ಹಿರಿಯರು ಹಿಂದೆ ಸರಿದರು, ನನ್ನ ಹೆಸರು ಬಂತು. ಪಾಠಗಳ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಇತ್ತು: ದೋಷ ಪತ್ತೆಯಲ್ಲಿ ಕೃತಕ ಬುದ್ಧಿಮತ್ತೆ. ಅದನ್ನು ಓದಿದವಳೇ ಸಿದ್ದಾಪುರಕ್ಕೆ ಹೋಗಿ ಆರು ವರ್ಷದ ರಿಜಿಸ್ಟರುಗಳನ್ನು ಕೇಳಿದೆ.

"ಒಯ್ರಿ ಅಮಾ" ಎಂದರು ಮಂಜ ನಾಯ್ಕರು. "ಆದ್ರೆ ನನ್ನ ಅಕ್ಷರ ಆ ಬಿಳಿಯರಿಗೆ ತೋರಿಸ್ಬೇಡಿ. ಮಾನ ಹೋಗ್ತದೆ."

ನಾನು ಪೆಟ್ಟಿಗೆ ಕಟ್ಟುವಾಗ ಪಕ್ಕದಲ್ಲಿ ನಿಂತಿದ್ದ ನನ್ನ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ನಗು ತಡೆಯಲಾರದೆ ಕೇಳಿದರು: "ಸಿದ್ದಾಪುರದಲ್ಲಿ ಕಳೆದದ್ದ ಫಿನ್ಲೆಂಡಲ್ಲಿ ಹುಡುಕಲೆ ಹೊಂಟಿದ್ಯಾ?"

"ಇಲ್ಲಿ ಹುಡುಕಿ ಆತಲಿ. ಇನ್ನು ಅಲ್ಲಿ ನೋಡ್ತೆ" ಎಂದೆ.

ಔಲು: ಮೊದಲ ವಾರ

ಸೂರ್ಯ ಇಲ್ಲಿ ಸರ್ಕಾರಿ ನೌಕರನಿಗಿಂತ ಕಡಿಮೆ ದುಡಿಯುತ್ತಾನೆ. ಹತ್ತು ಗಂಟೆಗೆ ಬರುತ್ತಾನೆ, ಮೂರಕ್ಕೆ ಹೊರಡುತ್ತಾನೆ. ಇದ್ದಷ್ಟು ಹೊತ್ತೂ ಮರಗಳ ತಲೆಯ ಮೇಲೆ ಓರೆಯಾಗಿ ಕೂತಿರುತ್ತಾನೆ. ನಮ್ಮ ಬಸ್ಸಿನಲ್ಲಿ ಶಿರಸಿಯಿಂದ ಸಿದ್ದಾಪುರ ಮುಟ್ಟುವಷ್ಟರಲ್ಲಿ ಪಕ್ಕದವರಿಗೆ ನಾನು ಯಾರ ಮಗಳು, ಯಾರ ಮನೆಯ ಸೊಸೆ, ಎಷ್ಟು ಮಕ್ಕಳು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿಯ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಾರೆ. ಮೊದಲೆರಡು ದಿನ ನನ್ನ ಮೈಯಿಂದ ಇಂಗಿನ ವಾಸನೆ ಬರುತ್ತಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಅವರು ತಮ್ಮತಮ್ಮವರ ಪಕ್ಕವೂ ಕೂರುತ್ತಿರಲಿಲ್ಲ.

ನನ್ನನ್ನು ನೋಡಿಕೊಳ್ಳಲು ನೇಮಿಸಿದ್ದ ಎಂಜಿನಿಯರ್ ಹೆಲ್ವಿ ಎಂಬ ಐವತ್ತರ ಹೆಂಗಸು. ಮೊದಲ ದಿನ ನಾನು ಏನು ಹೇಳಿದರೂ ಆಕೆ ಬೆಚ್ಚಿಬಿದ್ದವರಂತೆ ಉಸಿರು ಒಳಗೆಳೆದುಕೊಳ್ಳುತ್ತಿದ್ದಳು. "ನಾನು ಶಿರಸಿಯವಳು" ಎಂದರೆ ಉಸಿರು ಮೇಲೆ. "ನಾನು ಮಾಂಸ ತಿನ್ನುವುದಿಲ್ಲ" ಎಂದರೂ ಉಸಿರು ಮೇಲೆ. ಆಕೆಗೆ ಉಬ್ಬಸವಿದೆಯೇನೋ ಎಂದು ನೀರು ತಂದುಕೊಟ್ಟೆ. ಮೂರನೆಯ ದಿನ ತಿಳಿಯಿತು: ಇಲ್ಲಿ "ಹೌದು" ಎನ್ನುವುದಕ್ಕೆ "ಯೋ" ಎನ್ನುತ್ತಾರೆ, ಅನೇಕರು ಅದನ್ನು ಉಸಿರು ಒಳಗೆಳೆದುಕೊಳ್ಳುತ್ತಲೇ ಹೇಳುತ್ತಾರೆ. ಹೆಲ್ವಿ ನನ್ನ ಎಲ್ಲ ಮಾತಿಗೂ ಹೂಂಗುಟ್ಟುತ್ತಿದ್ದಳು, ಅಷ್ಟೆ.

ಕೃತಕ ಬುದ್ಧಿಮತ್ತೆ ಎಂದರೆ ಮಾತಾಡುವ ಏನನ್ನೋ ನೋಡಬಹುದು ಎಂದು ಒಳಗೊಳಗೇ ಆಸೆಯಿತ್ತು. ಹೆಲ್ವಿ ತೋರಿಸಿದ್ದು ಒಂದು ಮಾಸಲು ಬಣ್ಣದ ಕಂಪ್ಯೂಟರು.

"ಇದಕ್ಕೆ ಟೆಲಿಫೋನ್ ಎಂದರೆ ಏನೆಂದೇ ಗೊತ್ತಿಲ್ಲ" ಎಂದಳು. "ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ನೋಡುತ್ತ ಹೋಗುತ್ತದೆ. ದಣಿಯದೆ ನೋಡುತ್ತದೆ. ಅದೇ ಇದರ ಬುದ್ಧಿ."

ದೊಡ್ಡ ಊರಿನ ಜಾಲದಲ್ಲಿ ಒಂದು ಕಡೆ ಕೆಟ್ಟರೆ ನೂರು ಕಡೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ನೂರರಲ್ಲಿ ಮೂಲ ಯಾವುದು, ಬರೀ ಕೂಗಾಟ ಯಾವುದು ಎಂದು ಮನುಷ್ಯರಿಗೆ ತೋಚುವುದಿಲ್ಲ. ಈ ಪ್ರೋಗ್ರಾಂ ಹಳೆಯ ದಾಖಲೆಗಳನ್ನೆಲ್ಲ ಓದಿ, "ಇದು ಆದ ಮೇಲೆ ಇಷ್ಟು ಹೊತ್ತಿಗೆ ಅದು ಆಗುತ್ತದೆ" ಎಂಬ ನಿಯಮಗಳನ್ನು ತಾನೇ ಕಂಡುಕೊಳ್ಳುತ್ತದೆ. ಮುಂದೆ ಮೊದಲನೆಯದು ಆದ ಕೂಡಲೇ ಎರಡನೆಯದರ ಬಗ್ಗೆ ಎಚ್ಚರಿಸುತ್ತದೆ.

ನಾನು ಪಂಚೆಯ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟೆ. "ಇದನ್ನು ಓದಿಸಬಹುದೆ?"

ವಿಭಾಗದ ಮುಖ್ಯಸ್ಥರು ಪುಟ ತಿರುವಿ, ಅದು ತರಬೇತಿಯ ಭಾಗವಲ್ಲ ಎಂದರು. ಒರಟಾಗಿ ಹೇಳಲಿಲ್ಲ. ಅವರ ಮಟ್ಟಿಗೆ ಅದು ನಿಜವೂ ಆಗಿತ್ತು. ಅವರು ಹೋದ ಮೇಲೆ ಹೆಲ್ವಿ ಕಾಫಿ ಮುಗಿಸಿ ಲೋಟ ತೊಳೆದಿಟ್ಟು, ಗೋಡೆಗೆ ಹೇಳುವವಳಂತೆ ಹೇಳಿದಳು: "ನಾಲ್ಕು ಗಂಟೆಯ ಮೇಲೆ ಈ ಯಂತ್ರ ಖಾಲಿ ಇರುತ್ತದೆ. ಕೀಲಿ ನನ್ನ ಹತ್ತಿರ."

ಬುಧವಾರ

ಎರಡು ವಾರ ನಾನು ಓದಿ ಹೇಳಿದೆ, ಆಕೆ ಟೈಪು ಮಾಡಿದಳು. ಪ್ರತಿಯೊಂದು ಕಾರಣಕ್ಕೂ ಒಂದು ಸಂಖ್ಯೆ ಕೊಡಬೇಕು. ಕರೆಂಟು ಹೋಯಿತು: ಒಂದು. ಸಿಡಿಲು: ಎರಡು. ಹೀಗೆ ಸಾಗುತ್ತಿರುವಾಗ ಮಂಜ ನಾಯ್ಕರ ಒಂದು ಸಾಲು ಬಂತು: "ಗೋಪುರದ ಮೇಲೆ ಮಂಗ. ಓಡಿಸಿದೆ." ನಾನು ಅದನ್ನು ದಾಟಿಸಿಬಿಡೋಣ ಎಂದೆ. ಹೆಲ್ವಿ ಒಪ್ಪಲಿಲ್ಲ. "ನಮ್ಮಲ್ಲಿ ಹಿಮಸಾರಂಗಕ್ಕೆ ಒಂದು ಸಂಖ್ಯೆ ಇದೆ. ಮಂಗಕ್ಕೆ ಯಾಕೆ ಬೇಡ?" ಎಂದು ಹದಿನೇಳು ಕೊಟ್ಟಳು.

ಎಲ್ಲ ತುಂಬಿಸಿ ಪ್ರೋಗ್ರಾಂ ಓಡಿಸಿದೆವು. ಬಹಳ ಹೊತ್ತಿನ ಮೇಲೆ ಅದು ಅತಿ ಖಚಿತವಾಗಿ ಒಂದು ನಿಯಮ ಹೇಳಿತು: ಸಿದ್ದಾಪುರದ ದೋಷಗಳು ಬುಧವಾರ ಆಗುತ್ತವೆ.

ನನಗೆ ನಗು ಬಂತು, ಆಮೇಲೆ ಅಳು ಬಂತು. ಬುಧವಾರ ಸಿದ್ದಾಪುರದ ಸಂತೆ. ಹಳ್ಳಿಯವರೆಲ್ಲ ಪೇಟೆಗೆ ಬರುತ್ತಾರೆ. ಬಂದವರು ನಮ್ಮ ಕಚೇರಿ ಹೊಕ್ಕು "ಫೋನು ಸತ್ತದೆ" ಎಂದು ಬರೆಸಿ ಹೋಗುತ್ತಾರೆ. ಕೆಟ್ಟದ್ದು ಸೋಮವಾರವಾದರೂ ಪುಸ್ತಕಕ್ಕೆ ಬರುವುದು ಬುಧವಾರ. ಪಾಪದ ಯಂತ್ರ ದೋಷವನ್ನು ಕಂಡುಹಿಡಿಯಲಿಲ್ಲ, ಸಂತೆಯನ್ನು ಕಂಡುಹಿಡಿಯಿತು!

ಮುಖ್ಯಸ್ಥರು ಮರುದಿನ ಅದನ್ನು ನೋಡಿ, "ಇಂಥ ಮಾಹಿತಿ ಕೊಳಕು. ಇದರಿಂದ ಏನೂ ಕಲಿಯಲಾಗದು" ಎಂದರು. ಕೊಳಕು ಎಂಬುದು ಅವರ ವೃತ್ತಿಯ ಮಾತು, ಬೈಗುಳವಲ್ಲ. ಆದರೂ ಕೆನ್ನೆ ಬಿಸಿಯಾಯಿತು. ಮಳೆಯಲ್ಲಿ ಗುಡ್ಡ ಹತ್ತಿ ಬಂದು ಒದ್ದೆ ಕೈಯಲ್ಲಿ ಬರೆದ ಸಾಲುಗಳು ಅವು.

ಸಂತೆಯ ದೂರುಗಳನ್ನು ಒಂದೊಂದಾಗಿ ಗುರುತಿಸಿ ತೆಗೆದೆವು. ಮತ್ತೆ ಓಡಿಸಿದೆವು. ಈ ಸಲ ಅದು ಏನೂ ಹೇಳಲಿಲ್ಲ. ಸಿಡಿಲಿಗೂ ಮಂಜಿಗೂ ಮಂಗಕ್ಕೂ ಹತ್ತು ಗಂಟೆಯ ದೋಷಕ್ಕೂ ಸಂಬಂಧವೇ ಕಾಣಲಿಲ್ಲವಂತೆ. ಮೂರು ವಾರ ಕಳೆದಿತ್ತು.

ಅಂದು ಸಂಜೆ ಹೆಲ್ವಿ ನನ್ನನ್ನು ತನ್ನ ಮನೆಯ ಸೌನಾಕ್ಕೆ ಕರೆದಳು. ಮರದ ಕೋಣೆ, ಕಾದ ಕಲ್ಲು, ಕಲ್ಲಿನ ಮೇಲೆ ನೀರು ಎರೆದು ಉಗಿ ಎಬ್ಬಿಸಿಕೊಂಡು ಕೂರುವುದು. ಬಟ್ಟೆ ಹಾಕಿಕೊಳ್ಳುವಂತಿಲ್ಲ ಎಂದಾಗ ನಾನು ಬಾಗಿಲಲ್ಲೇ ಕಂಬವಾದೆ. ಕೊನೆಗೆ ಎರಡು ದೊಡ್ಡ ಟವೆಲ್ಲುಗಳ ಮೇಲೆ ಒಪ್ಪಂದವಾಯಿತು. ಒಳಗೆ ಹೋದರೆ ನಮ್ಮ ಬಚ್ಚಲುಮನೆಯ ಹಂಡೆಯ ಪಕ್ಕದ ಕಾವೇ, ಹತ್ತು ಪಟ್ಟು. ಆ ಕತ್ತಲ ಕಾವಿನಲ್ಲಿ ಸಾವಿತ್ರಕ್ಕನ ವಿಷಯ ಹೇಳಿದೆ. ಹೆಲ್ವಿ ಹೂಂಗುಟ್ಟಲಿಲ್ಲ. ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಎರೆದು, "ನಾಳೆ ಪೆಕ್ಕಾನ ಜೊತೆ ಹೋಗು" ಎಂದಳು.

ಕಾಡಿನ ಗೋಪುರ

ಪೆಕ್ಕಾ ಅಲ್ಲಿಯ ಲೈನ್‌ಮನ್. ನಿವೃತ್ತಿಗೆ ಹತ್ತಿರದವನು. ಇಂಗ್ಲಿಷ್ ನಾಲ್ಕು ಶಬ್ದ ಬರುತ್ತಿತ್ತು. ಹೆಲ್ವಿ ದುಭಾಷಿಯಾಗಿ ಜೊತೆಗೆ ಬಂದಳು. ಎರಡು ತಾಸು ಕಾಡು. ನಮ್ಮಲ್ಲಿ ಗಾಳಿ ಮಳೆಗೆ ಮರ ತಂತಿಯ ಮೇಲೆ ಬೀಳುತ್ತದೆ. ಇಲ್ಲಿ ಹಿಮದ ಭಾರಕ್ಕೆ ಮರ ಬಾಗಿ ಬಾಗಿ ತಂತಿಯನ್ನು ಮುಟ್ಟುತ್ತದೆ. ಪೆಕ್ಕಾ ಉದ್ದನೆಯ ಕೋಲಿನಿಂದ ಹಿಮ ಕೆಡವುತ್ತ ನಡೆದ. ಮಂಜ ನಾಯ್ಕರೂ ಹೀಗೇ ದೋಟಿ ಹಿಡಿದು ನಡೆಯುತ್ತಾರೆ, ಹೀಗೇ ತಮ್ಮಷ್ಟಕ್ಕೇ ಬೈದುಕೊಳ್ಳುತ್ತಾರೆ.

ಗೋಪುರದ ಕೋಣೆಯಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತ ಪೆಕ್ಕಾ ಪ್ರೋಗ್ರಾಮಿನ ಬಗ್ಗೆ ಹೇಳಿದ. "ಮೊದಲ ವರ್ಷ ಅದು ಕಳಿಸಿದ ಕಡೆಗೆಲ್ಲ ಹೋಗಿ ಬೈದೆ. ಏನೂ ಕೆಟ್ಟಿರುತ್ತಿರಲಿಲ್ಲ. ಆಮೇಲೆ ಅದಕ್ಕೆ ಏನು ಗೊತ್ತಿಲ್ಲ ಎಂದು ನಾನು ಹೇಳಿಕೊಟ್ಟೆ. ಈಗ ಪರವಾಗಿಲ್ಲ."

ನನ್ನ ಕೈಯಲ್ಲಿದ್ದ ಒಂದು ರಿಜಿಸ್ಟರನ್ನು ಅವನು ಕೇಳಿ ಪಡೆದ. ಭಾಷೆ ಗೊತ್ತಿಲ್ಲ, ಆದರೂ ತನ್ನವರೇ ಬರೆದದ್ದನ್ನು ಓದುವವನಂತೆ ಸಾವಕಾಶ ನೋಡಿದ. ಅಂಕಿಗಳ ಮೇಲೆ ಬೆರಳಿಟ್ಟು ಕೇಳಿದ. ಇದು ಕರೆಂಟು ಹೋದ ಸಮಯ ಎಂದೆ.

"ಬಂದ ಸಮಯ ಎಲ್ಲಿ?"

ನಾನು ಪುಟ ನೋಡಿದೆ. ಇನ್ನೊಂದು ಪುಟ ನೋಡಿದೆ. ಆರು ವರ್ಷದ ಪುಸ್ತಕಗಳಲ್ಲಿ ಕರೆಂಟು ಹೋದದ್ದು ಮಾತ್ರ ಇತ್ತು, ಬಂದದ್ದು ಎಲ್ಲೂ ಇರಲಿಲ್ಲ. ಪೆಕ್ಕಾ ತನ್ನ ಕಿಸೆಯ ಪುಸ್ತಕ ತೆಗೆದು ತೋರಿಸಿದ. ಪ್ರತಿ ಸಾಲಿನಲ್ಲೂ ಎರಡು ಸಮಯ. "ಹೋಗುವಾಗ ಯಂತ್ರಕ್ಕೆ ಏನೂ ಆಗುವುದಿಲ್ಲ" ಎಂದ. "ಬರುವಾಗ ಜೋರಾಗಿ ಬರುತ್ತದೆ."

ಮೂರು ಬೆಳಗು, ಒಂದು ಫೋನು

ಮರುದಿನ ಬೆಳಿಗ್ಗೆ ಹೆಲ್ವಿ ಏಳಕ್ಕೂ ಮೊದಲೇ ಕಚೇರಿಯ ಬಾಗಿಲು ತೆರೆದಳು. ಸಿದ್ದಾಪುರದಲ್ಲಿ ಆಗ ಹತ್ತು ದಾಟಿತ್ತು. ಮೂರು ಸಲ ಪ್ರಯತ್ನಿಸಿದ ಮೇಲೆ ಮಂಜ ನಾಯ್ಕರ ದನಿ ಕೇಳಿತು.

"ಅಮಾ! ಆರಾಮಾ? ಊಟಕ್ಕೆ ಎಂತ ಕೊಡ್ತ್ರು?"

"ಬಟಾಟೆ. ಅದಿರ್ಲಿ, ನೀವು ಕರೆಂಟ್ ಬಂದ ಟೈಮು ಯಾಕೆ ಬರೀಲಿಲ್ಲ?"

"ಕರೆಂಟ್ ಹೋದ್ರೆ ಬರೀಬೇಕು ಅಂದಿದ್ರು. ಬಂದ್ರೆ ಬರೀರಿ ಅಂತ ಯಾರೂ ಹೇಳ್ಲಿಲ್ಲ. ಬಂದ್ರೆ ಎಲ್ಲ ಸರಿ ಆಯ್ತಲ್ರಾ?"

ಎಲ್ಲೂ ದಾಖಲೆ ಇಲ್ಲವೇ ಎಂದು ಕೇಳಿದೆ. ಅವರು ಯೋಚಿಸಿ, ಎಕ್ಸ್‌ಚೇಂಜಿನ ಪ್ರಿಂಟರು ಹಗಲಿರುಳು ಕಟಕಟ ಎಂದು ಕಾಗದದ ಸುರುಳಿ ಉಗುಳುವುದರಲ್ಲಿ ಇರಬಹುದು ಎಂದರು. ಆ ಸುರುಳಿಗಳನ್ನು ಏನು ಮಾಡಿದಿರಿ ಎಂದೆ. "ಬಿಸಾಡೂಕೆ ಮನಸು ಬರ್ಲಿಲ್ಲ, ಅಮಾ. ಗೋಣಿಚೀಲದಲ್ಲಿ ತುಂಬಿಟ್ಟಿದ್ದೆ. ಕೆಲವಕ್ಕೆ ಇಲಿ ಬಾಯಿ ಹಾಕ್ಯದೆ."

ಇಲಿ ಬಿಟ್ಟದ್ದು ಸುಮಾರು ಎರಡು ವರ್ಷದ ಸುರುಳಿ. ಅದರಲ್ಲಿ ಕರೆಂಟು ಹೋದದ್ದು, ಬಂದದ್ದು ಎರಡೂ ನಿಮಿಷದ ಲೆಕ್ಕದಲ್ಲಿ ಅಚ್ಚಾಗಿತ್ತು. ಗುಡ್ಡದ ಕೋಣೆಗೂ ಅದೇ ವಿದ್ಯುತ್ ಲೈನು. ಮಂಜ ನಾಯ್ಕರು ನೆಲದ ಮೇಲೆ ಸುರುಳಿ ಹಾಸಿ ಕೂತು ಓದಿದರು, ನಾನು ಕೂಗಿ ಹೇಳಿದೆ, ಹೆಲ್ವಿ ಟೈಪು ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಆಕೆ ನನ್ನ ಇಂಗ್ಲಿಷಿಗೆ ಕಾಯುವುದನ್ನೇ ಬಿಟ್ಟಳು. ನಾಲ್ಕು, ಐದು, ಇಪ್ಪತ್ತು, ಮೂವತ್ತೈದು ಎಲ್ಲ ಕನ್ನಡದಲ್ಲೇ ತಲೆಗೆ ಹತ್ತಿತ್ತು. "ಮುಕ್ಕಾಲು" ಎಂದಾಗ ಮಾತ್ರ ಕೈ ಎತ್ತಿ ನಿಲ್ಲಿಸುತ್ತಿದ್ದಳು.

ಎರಡು ಬೆಳಗು ಹೀಗೆ ಕಳೆದವು. ಎರಡನೆಯ ಸಂಜೆ ಪ್ರೋಗ್ರಾಂ ಮತ್ತೆ ಓಡಿತು. ಈ ಸಲ ಬಂದ ನಿಯಮ ಒಂದೇ ಸಾಲಿನದು: ನಸುಕಿನಲ್ಲಿ ಕರೆಂಟು ಬಂದರೆ, ಬಂದು ಐದೂಕಾಲು ತಾಸು ಕಳೆಯುವ ಸುಮಾರಿಗೆ ಲೈನು ಹೋಗುತ್ತದೆ. ಪ್ರತಿ ಸಲವೂ ಅಲ್ಲ. ಆದರೆ ಮತ್ತೆ ಮತ್ತೆ.

ನಾನು ಕುರ್ಚಿಯಲ್ಲಿ ಕುಸಿದೆ. ಕರೆಂಟು ಇರುವಾಗಲೇ ಕೆಡುವ ದೋಷಕ್ಕೆ ಕರೆಂಟು ಕಾರಣ ಎಂದು ಯಾರಿಗೆ ಅನುಮಾನ ಬಂದೀತು? ನಸುಕಿನಲ್ಲಿ ಊರೆಲ್ಲ ದೀಪ ಆರಿಸಿ ಮಲಗಿರುತ್ತದೆ, ಕರೆಂಟು ಬರುವಾಗ ವೋಲ್ಟೇಜು ಏರಿ ಬರುತ್ತದೆ. ಬ್ಯಾಟರಿಗೆ ವಿದ್ಯುತ್ ತುಂಬುವ ಚಾರ್ಜರು ಹೆದರಿ ತಾನೇ ಬಂದ್ ಆಗುತ್ತದೆ. ಬ್ಯಾಟರಿ ಐದು ಗಂಟೆ ಒಬ್ಬಂಟಿಯಾಗಿ ರಿಪೀಟರನ್ನು ನಡೆಸಿ, ಹತ್ತರ ಸುಮಾರಿಗೆ ಸೋಲುತ್ತದೆ. ಮಂಜ ನಾಯ್ಕರು ಹೋಗಿ ಆಫ್-ಆನ್ ಮಾಡಿದರೆ ಚಾರ್ಜರು ಎದ್ದು ಕೂರುತ್ತದೆ. ನಾವು ಬದಲಾಯಿಸಿದ್ದು ರೇಡಿಯೋವನ್ನು! ಇದೆಲ್ಲ ಊಹೆಯೇ. ಯಂತ್ರ ಹೇಳಿದ್ದು ಹೊತ್ತನ್ನು ಮಾತ್ರ. ಕಾರಣ ನಾನು ಕಟ್ಟಿಕೊಂಡದ್ದು.

ಮೂರನೆಯ ಬೆಳಿಗ್ಗೆ ಉಳಿದ ಸುರುಳಿಗಳಿಗಾಗಿ ಫೋನು ಮಾಡಿದಾಗ ಮಂಜ ನಾಯ್ಕರು ಮೊದಲೇ ಹೇಳಿದರು: "ಈಗ ನಾನೂ ಬರ್ಕಂತೆ ಅಮಾ. ನಿನ್ನೆ ಸಂಜೆ ಹೋದ ಕರೆಂಟು ಇವತ್ತು ಬೆಳಿಗ್ಗೆ ಐದಕ್ಕೆ ಬಂತು."

ಹೆಲ್ವಿ "ಐದು" ಎಂಬುದನ್ನು ಹಿಡಿದಳು. ಗೋಡೆಯ ಗಡಿಯಾರ ನೋಡಿದಳು. ಕಾಗದದ ಮೇಲೆ ಕಳೆದು ಕೂಡಿಸಿ ನನ್ನ ಮುಂದೆ ತಳ್ಳಿದಳು. ಇನ್ನು ಸುಮಾರು ಹತ್ತು ನಿಮಿಷ.

"ಮಂಜ ನಾಯ್ಕರೇ, ಹತ್ತು ನಿಮಿಷಕ್ಕೆ ಈ ಲೈನು ಹೋಗ್ಬಹುದು. ಹೋದ್ರೆ ಗುಡ್ಡಕ್ಕೆ ಹೋಗಿ, ಆದ್ರೆ ಏನೂ ಮುಟ್ಬೇಡಿ. ಮೊದಲು ಚಾರ್ಜರಿನ ದೀಪ ನೋಡಿ, ಕೆಂಪಿದ್ರೆ ಅದು ಬಂದ್ ಆಗಿದೆ ಅಂತ."

ಅವರು ನಕ್ಕರು. "ಇಲ್ಲಿ ಕೂತ ನಂಗೇ ಗೊತ್ತಿಲ್ಲ, ಹಿಮದಾಗೆ ಕೂತ ನಿಮ್ಗೆ ಹ್ಯಾಂಗೆ ಗೊತ್ತಾತು? ಅಲ್ಲಿ ಜ್ಯೋತಿಷ್ಯ ಕಲಿಸ್ತ್ರಾ ಎಂತ? ಇವತ್ತು ಆಕಾಶ ನೋಡಿದ್ರೆ ಒಂದು ಮೋ"

ಅಷ್ಟೆ. ಮೋಡ ಎನ್ನುವುದು ಮುಗಿಯಲಿಲ್ಲ.

ಹೆಲ್ವಿ ದೀರ್ಘವಾಗಿ ಉಸಿರು ಒಳಗೆಳೆದುಕೊಂಡಳು. "ಯೋ." ನಾನು ಎದ್ದು ಕುಣಿದೆ, ನಲವತ್ತರ ಹೆಂಗಸು, ಬೂಟಿನ ಮೇಲೆ ಕಾಲುಚೀಲ ಹಾಕಿಕೊಂಡು. ಮರುಕ್ಷಣ ನೆನಪಾಯಿತು, ಈಗ ತ್ಯಾಗಲಿಯಲ್ಲೂ ಫೋನುಗಳು ಸತ್ತಿವೆ. ಯಾರೋ ಎತ್ತಿ ಇಡುತ್ತಿರಬಹುದು. ನಾಚಿಕೆಯಾಗಿ ಕೂತೆ.

ಮರುದಿನ ಕೇಳಿದರೆ ಮಂಜ ನಾಯ್ಕರು ಗುಡ್ಡ ಹತ್ತಿ, ಅಭ್ಯಾಸಬಲದಿಂದ ಮೊದಲು ಆಫ್-ಆನ್ ಮಾಡಿ, ಆಮೇಲೆ ದೀಪ ನೋಡಿದ್ದರು. "ಹಸಿರೇ ಇತ್ತು ಅಮಾ" ಎಂದರು. ನನ್ನ ಊಹೆಗೆ ಸಾಕ್ಷಿ ಕೈತಪ್ಪಿತು. ಮುಖ್ಯಸ್ಥರು ಮಾತ್ರ ಆ ವಾರ ತಾವಾಗಿಯೇ ಬಂದು, ಆ ಒಂದು ಸಾಲಿನ ನಿಯಮವನ್ನು ಎರಡು ಸಲ ಓದಿ, ಗೋಣಿಚೀಲದ ಸಂಗತಿಯನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಮರಳಿ: ಶಿರಸಿ, ಸಿದ್ದಾಪುರ

ಸಾಕ್ಷಿಯನ್ನು ಊರಿಗೆ ಮರಳಿದ ಮೇಲೆ ನಾವೇ ಕಾದು ಹಿಡಿಯಬೇಕಾಯಿತು. ಮಾರ್ಚಿನ ಒಂದು ದಿನ ನಸುಕಿಗೆ ಕರೆಂಟು ಬಂತೆಂಬ ಸುದ್ದಿ ಸಿಕ್ಕಿದ ಕೂಡಲೇ ಇಸ್ಮಾಯಿಲ್ ಜೀಪು ತಂದ.

"ಮೇಡಂ, ಏನೂ ಕೆಟ್ಟೇ ಇಲ್ವಲ್ಲ, ಯಾಕೆ ಹೋಗ್ತಿದ್ದೀವಿ?" ಎಂದು ದಾರಿಯುದ್ದ ಕೇಳಿದ.

"ಕೆಡೋದನ್ನ ನೋಡೋಕೆ."

"ಅರೆ ವ್ಹಾ! ಇಷ್ಟು ವರ್ಷ ಕೆಟ್ಟ ಮೇಲೆ ಹೋಗ್ತಿದ್ವಿ, ಈಗ ಮೊದ್ಲೇ ಹೋಗಿ ಕಾಯೋದಾ?"

ಗುಡ್ಡದ ಕೋಣೆಯಲ್ಲಿ ಮಂಜ ನಾಯ್ಕರು ಬಾಗಿಲು ತೆರೆದರು. ಚಾರ್ಜರಿನ ಮೇಲೆ ಕೆಂಪು ದೀಪ. ಗೋಡೆಯ ಸ್ವಿಚ್ಚಿನಲ್ಲಿ ಕರೆಂಟು ಇತ್ತು, ಚಾರ್ಜರು ಮಲಗಿತ್ತು. ನಾವು ಮೂವರೂ ಮೀಟರಿನ ಮುಳ್ಳು ನೋಡುತ್ತ ಕೂತೆವು. ಮುಳ್ಳು ಇಳಿಯುತ್ತ ಹೋಯಿತು. ಮಂಜ ನಾಯ್ಕರ ಕೈ ಎರಡು ಸಲ ಸ್ವಿಚ್ಚಿನ ಕಡೆ ಹೋಯಿತು, ಎರಡು ಸಲವೂ ತಾವೇ ಹಿಂದೆಳೆದುಕೊಂಡರು. ಇನ್ನೇನು ಸೋಲುತ್ತದೆ ಎನ್ನುವಾಗ ನಾನೇ ಚಾರ್ಜರನ್ನು ಎಬ್ಬಿಸಿದೆ. ಲೈನನ್ನು ಸಾಯಲು ಬಿಟ್ಟು ನೋಡುವ ಧೈರ್ಯ ನನಗಿರಲಿಲ್ಲ, ಕಂಡದ್ದು ಸಾಕಿತ್ತು.

"ಆರು ವರ್ಷ ನಾನು ಇದ್ರ ಪಕ್ಕದಾಗೇ ನಿಂತಿದ್ದೆ" ಎಂದರು ಮಂಜ ನಾಯ್ಕರು.

ಹೊಸ ಚಾರ್ಜರು, ವೋಲ್ಟೇಜು ತಡೆಯುವ ಪೆಟ್ಟಿಗೆ ಇವಕ್ಕೆಲ್ಲ ಬರೆದೆ. ಮಂಜೂರಾತಿ ಬರುವ ದಾರಿ ಔಲುವಿಗಿಂತ ದೂರ. ಅಲ್ಲಿಯವರೆಗೆ ಸುಮ್ಮನಿರುವುದು ಆಗದು. ಹೆಲ್ವಿಯ ಪ್ರೋಗ್ರಾಂ ಕಂಪನಿಯದು, ತರುವಂತಿರಲಿಲ್ಲ. ಆದರೆ ಅದು ಕಂಡುಕೊಂಡ ನಿಯಮ ನಮ್ಮ ಗುಡ್ಡದ್ದು. ನಮ್ಮ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಯಜಮಾನರ ಸಹಾಯದಿಂದ ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಬೆಳಿಗ್ಗೆ ಸಿದ್ದಾಪುರದವರು ಕರೆಂಟು ಹೋದ, ಬಂದ ಸಮಯ ಹೇಳುತ್ತಾರೆ. ಅದು ಲೆಕ್ಕ ಹಾಕಿ, ಗುಡ್ಡಕ್ಕೆ ಹೋಗಬೇಕೇ, ಎಷ್ಟು ಗಂಟೆಯೊಳಗೆ ಎಂದು ಹೇಳುತ್ತದೆ.

ಮೊದಲ ಸಲ ಅದು ಹೋಗಿ ಎಂದಿತು. ಮಂಜ ನಾಯ್ಕರು ಹೋದರು. ಹಸಿರು ದೀಪ. ಎರಡನೆಯ ಸಲವೂ ಹಸಿರೇ. ಇಳಿದು ಬಂದು ಫೋನಿನಲ್ಲಿ, "ಅಮಾ, ನಿಮ್ಮ ಯಂತ್ರ ನನ್ನ ಮಂಡಿ ಮುರೀತದೆ" ಎಂದರು. ಕಚೇರಿಯಲ್ಲಿ ಒಬ್ಬಿಬ್ಬರು ನಕ್ಕರು. ಪೆಕ್ಕಾ ಹೇಳಿದ್ದನ್ನು ನೆನೆದು ನಾನು ಮಂಜ ನಾಯ್ಕರನ್ನೇ ಕೇಳಿದೆ: ಹಸಿರು ಇದ್ದ ಆ ಎರಡು ದಿನ ಬೇರೆ ಏನಿತ್ತು?

ಅವರು ಯೋಚಿಸಿದರು. "ಎರಡು ದಿನವೂ ಕರೆಂಟು ಹೋಗಿ ಒಂದು ತಾಸಿಗೇ ಬಂದಿತ್ತು. ಬ್ಯಾಟರಿ ಅಷ್ಟು ಖಾಲಿ ಆಗಿರ್ಲಿಲ್ಲ. ಅದೂ ಅಲ್ದೆ ಕೋಳಿ ಕೂಗಿ ಆಗಿತ್ತು, ಮನೆಮನೇಲಿ ದೀಪ ಹಚ್ಚಿದ್ರು."

ಅದನ್ನೂ ಸೇರಿಸಿದೆ. ನಿಯಮ ಈಗ ಮೂರು ಸಾಲಾಯಿತು; ಕೊನೆಯ ಎರಡು ಸಾಲು ಪೂರ್ತಿ ಮಂಜ ನಾಯ್ಕರದು.

ಏಪ್ರಿಲ್‌ನ ಒಂದು ಬೆಳಿಗ್ಗೆ ಕಂಪ್ಯೂಟರು ಮತ್ತೆ ಹೋಗಿ ಎಂದಿತು. ಹತ್ತರೊಳಗೆ ತಲುಪಬೇಕು. ಅವರಿಗೆ ತಿಳಿಸಿ ನಾನು ಶಿರಸಿಯಲ್ಲಿ ಗಡಿಯಾರದ ಎದುರು ಕೂತೆ. ಒಂಬತ್ತೂವರೆ. ಒಂಬತ್ತೂಮುಕ್ಕಾಲು. ಹತ್ತಕ್ಕೆ ಐದು ನಿಮಿಷ ಇರುವಾಗ ಫೋನು ಬಡಿಯಿತು. ಗುಡ್ಡದ ಕೋಣೆಯ ಫೋನು, ಅದೇ ಲೈನಿನ ಮೇಲೆ ಬರುವಂಥದು. ಮಂಜ ನಾಯ್ಕರು ಏದುಸಿರು ಬಿಡುತ್ತಿದ್ದರು.

"ಕೆಂಪು ಇತ್ತು ಅಮಾ. ಎಬ್ಬಿಸಿದೆ."

"ಲೈನು ಹೋಗಿತ್ತಾ?"

"ಹೋಗಿದ್ರೆ ನಿಮ್ಮ ಹತ್ರ ಹ್ಯಾಂಗೆ ಮಾತಾಡ್ತಿದ್ದೆ?" ಎಂದರು. ಉಸಿರು ಸರಿಮಾಡಿಕೊಂಡು ಮತ್ತೆ ಹೇಳಿದರು: "ಹೋಗ್ಲಿಲ್ಲ. ಇನ್ನು ಹೋಗೂಕೆ ನಾನು ಬಿಡೂದೂ ಇಲ್ಲ."

ಆ ಬೆಳಿಗ್ಗೆ ಸಿದ್ದಾಪುರದ ಕಡೆಯಿಂದ ಒಂದೂ ದೂರು ಬರಲಿಲ್ಲ. ಏನೋ ಆಗಲಿಕ್ಕಿತ್ತು, ಆಗಲಿಲ್ಲ ಎಂಬುದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ.